ಇರಲಿ ಎಂದರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಖಾಲಿ ಮಾಡಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ನನಗೆ ಗೊತ್ತಿಲ್ಲ. ಬಹುಶಃ ಆ ಕೆಲಸವನ್ನು ಹೆಂಡತಿಯರಿಗೆ ಒಪ್ಪಿಸಿ ತಾವು ಹೊರಗೆ ನೆರಳಲ್ಲಿ ಕೂತು ಗಾದೆ ಕಟ್ಟುತ್ತಿದ್ದಿರಬೇಕು.

ಲಾರಿ ನಾಲ್ಕು ಗಂಟೆಗೆ ಬರುವುದಿತ್ತು. ಬೆಳಿಗ್ಗೆ ಒಂಬತ್ತಕ್ಕೇ ನನ್ನ ಕಾಲಿಗೆ ಚಕ್ರ ಕಟ್ಟಿದಂತಾಗಿತ್ತು. ಅಡುಗೆಮನೆಗೆ ಹೋದರೆ ಏಕೆ ಬಂದೆನೆಂದು ಮರೆಯುತ್ತಿದ್ದೆ, ನೆನಪಾಗುವಷ್ಟರಲ್ಲಿ ಮಲಗುವ ಕೋಣೆಯಲ್ಲಿರುತ್ತಿದ್ದೆ. ಇಪ್ಪತ್ತಾರು ವರ್ಷ ಬಾಡಿಗೆಗಿದ್ದ ಮನೆ. ಮಾಲೀಕರು ಇದನ್ನು ಕೆಡವಿ ಮೂರಂತಸ್ತು ಎಬ್ಬಿಸುತ್ತಾರಂತೆ, ಸೋಮವಾರ ಒಡೆಯುವವರು ಬರುತ್ತಾರೆ. ನಾವು ಇಲ್ಲಿ ಏನು ಬಿಟ್ಟರೂ ಅದು ಇಟ್ಟಿಗೆಪುಡಿಯ ಜೊತೆ ಹೋಗುತ್ತದೆ.

ಹೊಸ ಮನೆ ಇದರ ಅರ್ಧ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಾಲ್ಕನಿ. ಆ ಬಾಲ್ಕನಿ ನೋಡಿಯೇ ನಾನು ಒಪ್ಪಿದ್ದು. ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ, ದಿನವಿಡೀ ಒಂದೇ ಸಮನೆ ಬೆಳಕು. ನನ್ನ ಗಂಡ ಬೋರ್ಡ್ ಬರೆಯುವವರು. ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಆಸ್ಪತ್ರೆಯ ಬಾಣದ ಗುರುತು, ‘ಇಲ್ಲಿ ವಾಹನ ನಿಲ್ಲಿಸಬಾರದು’, ಎಲ್ಲ. ಎರಡು ವರ್ಷದಿಂದ ಬಲಗೈ ನಡುಗುತ್ತದೆ, ಅದಕ್ಕೇ ಸದ್ಯಕ್ಕೆ ಬರೆಯುತ್ತಿಲ್ಲ. ಸದ್ಯಕ್ಕೆ ಎನ್ನುವುದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಆ ಬಾಲ್ಕನಿಯಲ್ಲಿ ಕೂತರೆ ಕೈ ತಾನಾಗಿ ದಾರಿಗೆ ಬರುತ್ತದೆ, ಅವರು ಮತ್ತೆ ಬ್ರಷ್ ಹಿಡಿಯುತ್ತಾರೆ ಎಂದು ನಾನು ನಂಬಿದ್ದೆ. ನನಗೆ ಬೇಕಾಗಿದ್ದದ್ದು ಅದೊಂದೇ. ಉಳಿದ ಸಾಮಾನೆಲ್ಲ ಚರಂಡಿಗೆ ಬಿದ್ದರೂ ನಾನು ತಿರುಗಿ ನೋಡುತ್ತಿರಲಿಲ್ಲ.

ಆದರೆ ಅವರ ಹಲಗೆ, ಬಣ್ಣದ ಡಬ್ಬಿ, ಟ್ರಂಕು ಎಲ್ಲಾ ಆ ಮನೆಯಲ್ಲಿ ಹಿಡಿಸಬೇಕಾದರೆ ನನ್ನ ಕಟಿಂಗ್ ಟೇಬಲ್ ಹಿಡಿಸುವುದಿಲ್ಲ. ಟೇಪ್ ಹಿಡಿದು ಮೂರು ಸಲ ಅಳೆದು ನೋಡಿದೆ. ನಾನು ದರ್ಜಿ, ಅಳತೆ ನನಗೆ ಸುಳ್ಳು ಹೇಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಅವರು ಹಗ್ಗ ತರಲು ಹೋದಾಗ, ಬೀದಿಯ ಕೊನೆಯ ಗುಜರಿ ಅಂಗಡಿಯವನನ್ನು ಕರೆದು ಟೇಬಲ್ ಎತ್ತಿಸಿಬಿಟ್ಟೆ. ಎಂಟು ಅಡಿ ಉದ್ದದ ದಪ್ಪ ಹಲಗೆ. ಅಂಚಿನಲ್ಲಿ ನಾನೇ ಮೊಳೆ ಹೊಡೆದು ಕೂರಿಸಿದ ಹಿತ್ತಾಳೆ ಪಟ್ಟಿ. ಬಾಗಿಲು ದಾಟುವಾಗ ಅದರ ಕಾಲು ಚೌಕಟ್ಟಿಗೆ ತಗುಲಿ ನಿಂತಿತು, ನಾನೇ ಓರೆ ಮಾಡಿ ದಾಟಿಸಿಕೊಟ್ಟೆ.

ಗಂಡ ಬಂದು ಖಾಲಿ ಜಾಗ ನೋಡಿದರು. “ಟೇಬಲ್ ಎಲ್ಲಿ?”

“ಮುಂಚೆನೇ ಕಳಿಸಿದೆ,” ಎಂದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಹತ್ತಕ್ಕೆ ನಾದಿನಿ ಬಂದಳು. ಗಂಡನ ತಂಗಿ, ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಅವಳು ಕೆಲಸಕ್ಕಿಂತ ನಗುವುದರಲ್ಲೇ ಎತ್ತಿದ ಕೈ.

“ಅತ್ತಿಗೆ, ಇಲ್ಲಿ ಹನ್ನೊಂದು ಮುಚ್ಚಳ ಇದೆ. ಇವುಗಳ ಪಾತ್ರೆ ಎಲ್ಲಿ?”

“ಹೋಗಿ ಎಷ್ಟೋ ವರ್ಷ ಆಯ್ತು.”

“ಮತ್ತೆ ಮುಚ್ಚಳ ಯಾಕೆ ಇಟ್ಕೊಂಡಿದೀರ?”

“ಇರಲಿ ಅಂತ. ಎಲ್ಲೋ ಸೇರಿಕೊಂಡಿರತ್ತೆ, ಸಿಗಬಹುದು.”

“ಓಡಿಹೋದ ಗಂಡನಿಗೆ ಕಾದ ಹಾಗೆ ಕಾದಿದೀರಲ್ಲ!” ಎಂದು ಮುಚ್ಚಳಗಳನ್ನು ಹೊರಗೆ ಸುರಿದಳು. ಆ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಆಮೇಲೆ ಒಂದು ಚೀಲ ಸಿಕ್ಕಿತು, ಅದರ ತುಂಬ ಚೀಲಗಳು, ಆ ಚೀಲಗಳೊಳಗೆ ಇನ್ನಷ್ಟು ಚೀಲಗಳು. ನಾದಿನಿ ನೆಲದ ಮೇಲೆ ಕೂತು ನಕ್ಕಿದ್ದು ನೋಡಿದರೆ ಇವಳು ಸಹಾಯಕ್ಕೆ ಬಂದವಳೋ ಸರ್ಕಸ್ ನೋಡಲು ಬಂದವಳೋ ಎನ್ನುವಂತಿತ್ತು.

ನಾನು ಒಂದು ನಿಯಮ ಮಾಡಿದ್ದೆ. ಒಂದು ವಸ್ತುವಿಗೆ ಒಂದು ಪ್ರಶ್ನೆ, ಒಂದು ಉತ್ತರ. ಬೇಕು ಎಂದರೆ ಪೆಟ್ಟಿಗೆಗೆ, ಬೇಡ ಎಂದರೆ ಬಾಗಿಲಾಚೆ. ನಾದಿನಿ ಇದಕ್ಕೆ ಒಗ್ಗಿಕೊಂಡಳು. ನನ್ನ ಗಂಡ ಮಾತ್ರ ತಮ್ಮದೇ ಮೂರನೇ ಉತ್ತರ ಹುಡುಕಿಕೊಂಡರು.

“ಈ ಅಳತೆಪಟ್ಟಿ ಬೇಕಾ?”

“ಇರಲಿ.”

“ಗೆರೆ ಹೊಡೆಯೋ ದಾರದ ಉಂಡೆ?”

“ಇರಲಿ.”

“ಈ ಬಣ್ಣದ ಡಬ್ಬಿಗಳು? ಅರ್ಧ ಒಣಗಿದಾವೆ.”

“ಇರಲಿ ಬಿಡು.”

ನಮ್ಮ ಮಾತಿನಲ್ಲಿ ಇದರಷ್ಟು ಜಾಣ ಪದ ಇನ್ನೊಂದಿಲ್ಲ. ಇನ್ನೂ ಸ್ವಲ್ಪ ಟೀ ಹಾಕಲಾ ಎಂದರೆ ಇರಲಿ, ಅಂದರೆ ಬೇಡ. ಇದನ್ನು ಎಸೆಯಲಾ ಎಂದರೆ ಇರಲಿ, ಅಂದರೆ ಬೇಕು. ತಪ್ಪಾಯಿತು ಎಂದರೆ ಇರಲಿ ಬಿಡಿ, ಅಂದರೆ ಕ್ಷಮಿಸಿದ್ದೇನೆ. ಅದನ್ನೇ ಹಲ್ಲು ಕಚ್ಚಿ ಹೇಳಿದರೆ, ಒಂದಿನ ನೋಡ್ಕೋತೀನಿ ಎಂದು. ಇಪ್ಪತ್ತಾರು ವರ್ಷ ಜೊತೆಗಿದ್ದವಳಿಗೆ ಗಂಡನ ಇರಲಿ ಯಾವ ಜಾತಿಯದು ಎಂದು ಗೊತ್ತಿರಬೇಡವೇ? ಗೊತ್ತು ಎಂದುಕೊಂಡಿದ್ದೆ. ಅವರಿಗೆ ಏನನ್ನೂ ಬಿಡಲು ಮನಸ್ಸಿಲ್ಲ, ಬಾಯಿಬಿಟ್ಟು ಬೇಕು ಎನ್ನಲು ನಾಚಿಕೆ, ಅದಕ್ಕೇ ಈ ಇರಲಿ. ಹಾಗೆಂದು ಒಂದೊಂದನ್ನೂ ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದೆ. ಬಾಯಲ್ಲಿ ಬೈಗುಳ, ಮನಸ್ಸಿನಲ್ಲಿ ಸಂತೋಷ. ಕೈ ಸರಿಹೋಗುವ ಆಸೆ ಅವರಿಗೂ ಇದೆಯಲ್ಲ ಎಂದು.

“ನಿಮ್ಮಣ್ಣನ ಹತ್ರ ಒಂದು ಸಾಮಾನು ಬಿಡಿಸೋಕೆ ಆಗಲ್ಲ ನೋಡು,” ಎಂದೆ ನಾದಿನಿಗೆ. “ಏಳು ಪೆಟ್ಟಿಗೆ ಆಯ್ತು ಅವರದೇ.”

ಅವಳು ಮಾರ್ಕರ್ ಹಿಡಿದು ಪೆಟ್ಟಿಗೆಗಳ ಮೇಲೆ ನಂಬರ್ ಹಾಕುತ್ತಿದ್ದವಳು ತಲೆ ಎತ್ತಿದಳು. “ನಿಮ್ಮ ಗುಂಡಿ ಡಬ್ಬಿ ಕೇಳ್ದಾಗ ಅಣ್ಣ ಬೇಕು ಅಂದ, ಅತ್ತಿಗೆ. ಅಷ್ಟು ಬೇಗ ಅಂದ, ನಿಮ್ಮ ಪ್ರಶ್ನೆನೇ ಮುಗಿದಿರಲಿಲ್ಲ.”

“ಅದಕ್ಕೇನೀಗ?”

“ಏನಿಲ್ಲ. ಹೇಳ್ದೆ ಅಷ್ಟೆ.”

ನನಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಹಾಸಿಗೆ ಸುತ್ತಬೇಕಿತ್ತು, ಗಿರಾಕಿಗಳ ಎರಡು ಪ್ಯಾಂಟು ಎಲ್ಲೋ ಸೇರಿಹೋಗಿತ್ತು, ಗ್ಯಾಸ್ ಒಲೆಯ ಪೈಪು ಬಿಚ್ಚಲು ಬರುತ್ತಿರಲಿಲ್ಲ. ಗಡಿಯಾರವನ್ನು ಬೇರೆ ಮೊದಲೇ ಪ್ಯಾಕ್ ಮಾಡಿಬಿಟ್ಟಿದ್ದೆ. ಹೊತ್ತು ಎಷ್ಟಾಯಿತೆಂದು ಐದೈದು ನಿಮಿಷಕ್ಕೆ ನಾದಿನಿಯನ್ನು ಕೇಳಿ ಅವಳಿಂದಲೂ ಬೈಸಿಕೊಂಡೆ.

ಲಾರಿ ಮೂರೂವರೆಗೇ ಬಂತು. ಡ್ರೈವರ್‌ಗೆ ಆರು ಗಂಟೆಗೆ ಇನ್ನೊಂದು ಬಾಡಿಗೆಯಿತ್ತಂತೆ, ಬಂದವನೇ ಹಾರ್ನ್ ಹೊಡೆದ. ಲೋಡ್ ಮಾಡುವ ಇಬ್ಬರು ಇರುವೆಗಳ ಹಾಗೆ ಒಳಗೂ ಹೊರಗೂ ಓಡಾಡಿದರು. ಬೀರು, ಮಂಚ, ನನ್ನ ಹೊಲಿಗೆ ಮೆಷಿನ್ನು, ಪಾತ್ರೆ ಪೆಟ್ಟಿಗೆಗಳು ಹತ್ತಿದವು. ಅರ್ಧ ಗಂಟೆಯಲ್ಲಿ ಲಾರಿ ಮುಕ್ಕಾಲು ತುಂಬಿತು. ನಾನು ಒಳಗೆ ಹೋಗಿ ನೋಡಿದರೆ ಮುಂದಿನ ಕೋಣೆಯ ಮೂಲೆಯಲ್ಲಿ ಗಂಡನ ಏಳು ಪೆಟ್ಟಿಗೆಗಳೂ ಬ್ರಷ್‌ಗಳಿದ್ದ ಟ್ರಂಕೂ ಇಟ್ಟ ಹಾಗೇ ಇದ್ದವು.

“ಇದನ್ನ ಮೊದಲು ಹಾಕಿ ಅಂತ ಹೇಳಿರಲಿಲ್ವಾ?” ಎಂದು ಲೋಡರ್ ಮೇಲೆ ಹರಿಹಾಯ್ದೆ.

“ಯಜಮಾನ್ರು ಬೇಡ ಅಂದ್ರಲ್ಲಮ್ಮ. ಇದು ಇಲ್ಲೇ ಇರಲಿ ಅಂದ್ರು.”

ಗಂಡ ಕಿಟಕಿ ಪಕ್ಕ ನಿಂತಿದ್ದರು, ಬಲಗೈ ಜೇಬಿನಲ್ಲಿತ್ತು.

“ಏನ್ರೀ ಇದು?”

“ಬೆಳಿಗ್ಗೆಯಿಂದ ಹೇಳ್ತಾನೇ ಇದೀನಲ್ಲ, ಇರಲಿ ಅಂತ.”

“ಇರಲಿ ಅಂದ್ರಿ! ಇರಲಿ ಅಂದ್ರೆ ತಗೊಂಡು ಹೋಗೋಣ ಅಂತ ಅಲ್ವಾ?”

“ಇರಲಿ ಅಂದ್ರೆ ಇಲ್ಲೇ ಇರಲಿ ಅಂತ,” ಎಂದರು. “ಬೇಕಾಗಿದ್ರೆ ಬೇಕು ಅಂತಿದ್ದೆ. ನೀನು ಅಷ್ಟು ನೀಟಾಗಿ ಪ್ಯಾಕ್ ಮಾಡ್ತಿದ್ದಾಗ, ಬಿಟ್ಟುಹೋಗೋದಕ್ಕೂ ಇಷ್ಟು ಮರ್ಯಾದೆ ಮಾಡ್ತಿದೀಯಲ್ಲ ಅಂತ ನನಗೂ ಸ್ವಲ್ಪ ಆಶ್ಚರ್ಯ ಆಯ್ತು.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ನಮ್ಮಂಥವರನ್ನು ನೋಡಿಯೇ ಇರಬೇಕು. ದಿನವಿಡೀ ಒಂದೇ ಮಾತನ್ನು ಅವರು ಆ ಕಡೆಯಿಂದ ಹೇಳಿದ್ದರು, ನಾನು ಈ ಕಡೆಯಿಂದ ಕೇಳಿದ್ದೆ.

“ಸೋಮವಾರ ಇದರ ಮೇಲೆ ಗೋಡೆ ಬೀಳತ್ತೆ ರೀ.”

“ಗೊತ್ತು.”

“ಗೊತ್ತು ಅಂತೀರಲ್ಲ! ಕೈ ಸರಿಹೋದ ಮೇಲೆ ಏನು, ಬೆರಳಲ್ಲಿ ಬರೀತೀರಾ? ಡಾಕ್ಟ್ರೇ ಹೇಳಿದಾರೆ, ಸರಿಹೋಗತ್ತೆ ಅಂತ.”

“ಡಾಕ್ಟ್ರು ಹೇಳಿಲ್ಲ ಕಣೇ,” ಎಂದರು, ದನಿ ಏರಿಸದೆ. “ಅದು ನೀನು ಹೇಳಿದ್ದು.”

ನಾದಿನಿ ಮಾರ್ಕರ್‌ನ ಮುಚ್ಚಳ ಹಾಕಿ ಸದ್ದಿಲ್ಲದೆ ಅಡುಗೆಮನೆಗೆ ಹೋದಳು.

ಅವರು ಹೇಳಿದ್ದು ನಿಜ. ಡಾಕ್ಟರ ಎದುರು ನಾವಿಬ್ಬರೂ ಕೂತಿದ್ದೆವು. ಇದು ಹೀಗೇ ಇರುತ್ತದೆ, ಜಾಸ್ತಿಯಾಗದ ಹಾಗೆ ಮಾತ್ರೆ ಕೊಡುತ್ತೇನೆ ಎಂದಿದ್ದರು. ಮೆಟ್ಟಿಲಿಳಿಯುವಾಗ ನಾನು, ನೋಡಿದ್ರಾ, ಜಾಸ್ತಿ ಆಗಲ್ವಂತೆ, ಅಂದ್ರೆ ಕಮ್ಮಿನೇ ಆಗತ್ತೆ ಎಂದೆ. ಮನೆಗೆ ಬರುವಷ್ಟರಲ್ಲಿ ಸರಿಹೋಗುತ್ತದಂತೆ ಎಂದೆ. ಮಾರನೇ ದಿನ ನಾದಿನಿಗೆ ಫೋನಿನಲ್ಲಿ, ಡಾಕ್ಟ್ರು ಹೇಳಿದಾರೆ ಎಂದೆ. ಹೇಳಿ ಹೇಳಿ ನನಗೇ ಅದು ಡಾಕ್ಟರ ಮಾತಾಗಿಹೋಗಿತ್ತು.

“ತಿಂಗಳಿಗೊಂದು ಸಲ ಆ ಬ್ರಷ್ ತೊಳೆದು, ಎಣ್ಣೆ ಸವರಿ, ಕೂದಲು ನೆಟ್ಟಗೆ ಮಾಡಿ ಇಡ್ತೀಯ,” ಎಂದರು ಗಂಡ. “ನನಗೆ ಕಾಣೋ ಹಾಗೆ. ಏನನ್ಸತ್ತೆ ಗೊತ್ತಾ? ಪರೀಕ್ಷೇಲಿ ಫೇಲಾದೋನಿಗೆ ದಿನಾ ಪೆನ್ಸಿಲ್ ಕೆತ್ತಿ ಕೊಟ್ಟ ಹಾಗೆ. ಅಂಗಡಿಯವರು ಫೋನ್ ಮಾಡಿದ್ರೆ ಸ್ವಲ್ಪ ದಿನ ತಡೀರಿ, ಬರೀತಾರೆ ಅಂತೀಯ. ಅವರೂ ತಡೀತಾರೆ, ಪಾಪ. ನಾನು ಒಳಗೆ ಕೂತು ಕೇಳಿಸ್ಕೋತೀನಿ. ನನಗೆ ಸಾಕಾಯ್ತು. ನಾನು ಬಿಟ್ಟು ತುಂಬಾ ದಿನ ಆಯ್ತು ಕಣೇ. ನೀನು ಬಿಡ್ತಿಲ್ಲ.”

ನನಗೆ ಸಿಟ್ಟು ಬಂತು. ಅಳು ಬರುವಲ್ಲೆಲ್ಲ ನನಗೆ ಮೊದಲು ಸಿಟ್ಟೇ ಬರುವುದು. “ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು? ಹಾಗಿದ್ರೆ ನಾನು ಯಾಕೆ ಟೇಬಲ್ ಕೊಡ್ತಿದ್ದೆ!”

ಬಾಯಿ ಜಾರಿತು.

“ಯಾವ ಟೇಬಲ್?”

ನಾನು ಪೆಟ್ಟಿಗೆಯೊಂದರ ಹಗ್ಗ ಬಿಗಿಮಾಡಲು ಬಗ್ಗಿದೆ.

“ಮುಂಚೆ ಕಳಿಸಿದೆ ಅಂದ್ಯಲ್ಲ. ಎಲ್ಲಿಗೆ ಕಳಿಸಿದೆ?”

“ಗುಜರಿಗೆ,” ಎಂದೆ. “ನಿಮ್ಮ ಸಾಮಾನಿಗೆ ಜಾಗ ಬೇಕಿತ್ತು. ನಾನು ನೆಲದ ಮೇಲೆ ಹಾಕಿ ಕತ್ತರಿಸ್ಕೋತೀನಿ, ಏನೀಗ?”

ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ಕೂಗಿದ್ದು ಎರಡೋ ಮೂರೋ ಸಲ. ಅಂದು ಕೂಗಿದರು. “ನಡೀತಿರೋ ಕೈ ನಿಂದು! ಮಂಡಿ ನೋವು ಅಂತ ರಾತ್ರಿ ಎಣ್ಣೆ ಹಚ್ಕೊಳ್ಳೋಳು ನೆಲದ ಮೇಲೆ ಕೂತು ಕತ್ತರಿಸ್ತೀಯಾ? ನಿಂತುಹೋದ ಕೈಗೆ ಜಾಗ ಮಾಡೋಕೆ ನಡೆಯೋ ಕೈನೇ ಕಡ್ಕೊಂಡ್ಯಲ್ಲ, ನಿಂಗೆ ತಲೆಗಿಲೆ ಇದೆಯಾ?” ಎಂದವರೇ ಬಾಗಿಲಲ್ಲಿ ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಹೊರಟರು. ಒಂದು ಅವರದು, ಇನ್ನೊಂದು ತಂಗಿಯದು.

“ಅಣ್ಣಾ, ನನ್ನ ಚಪ್ಪಲಿ!” ಎಂದು ನಾದಿನಿ ಕೂಗಿದ್ದು ಅವರಿಗೆ ಕೇಳಿಸಲೇ ಇಲ್ಲ.

ಡ್ರೈವರ್ ಮತ್ತೆ ಹಾರ್ನ್ ಹೊಡೆದ. ಇನ್ನು ಹತ್ತು ನಿಮಿಷ ನೋಡ್ತೀನಿ, ಆಮೇಲೆ ಹೊರಡೋದೇ ಎಂದ. ನಾದಿನಿ ಒಂಟಿ ಚಪ್ಪಲಿಯಲ್ಲೇ ಅವನನ್ನು ಸಮಾಧಾನ ಮಾಡಲು ಹೋದಳು. ನಾನು ಖಾಲಿ ಮನೆಯಲ್ಲಿ ಅತ್ತಿಂದಿತ್ತ ತಿರುಗಿದೆ. ಗೋಡೆಯ ಮೊಳೆ ಕೀಳಲು ನೋಡಿದೆ, ಬರಲಿಲ್ಲ. ನೀರಿನ ನಲ್ಲಿ ಮುಚ್ಚಿದೆಯೋ ಎಂದು ನೋಡಿದೆ, ಮುಚ್ಚಿತ್ತು, ಮತ್ತೊಮ್ಮೆ ಹೋಗಿ ನೋಡಿದೆ. ಕೊನೆಗೆ ಕೂರಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಟ್ರಂಕಿನ ಮೇಲೆ ಕೂತೆ.

ನಾನು ಅವರನ್ನು ಮೊದಲು ಕಂಡದ್ದು ಆಗ ನಾನಿಟ್ಟಿದ್ದ ಹೊಲಿಗೆ ಅಂಗಡಿಗೆ ಬೋರ್ಡ್ ಬರೆಸುವಾಗ. ಫೋನ್ ನಂಬರಿನಲ್ಲಿ ಎರಡು ಸೊನ್ನೆ ಇತ್ತು. ಅವರು ಉಸಿರು ಹಿಡಿದು ಒಂದೇ ಎಳೆತಕ್ಕೆ ಸೊನ್ನೆ ಬರೆದರು. ಶುರುವಾದಲ್ಲಿಗೇ ಬಂದು ಸೇರಿತು, ಎಲ್ಲಿ ಶುರುವಾಗಿತ್ತೆಂದು ಹುಡುಕಿದರೂ ಸಿಗದ ಹಾಗೆ. ಇನ್ನೊಂದು ಸಲ ಬರೀರಿ ಎಂದು ಕೇಳಬೇಕೆನಿಸಿತು. ಮದುವೆಯಾದ ಮೇಲೆ ಕೇಳಿದೆ ಕೂಡ, ನಗುತ್ತಾ ಗಾಜಿನ ಮೇಲೆ ಬರೆದು ತೋರಿಸಿದ್ದರು. ಕೊನೆಯ ಕೆಲಸ ಒಬ್ಬ ಹಲ್ಲಿನ ಡಾಕ್ಟರದು. ಏಣಿ ಹಿಡಿದು ಕೆಳಗೆ ನಿಂತವಳು ನಾನೇ. ಸೊನ್ನೆ ಆಲೂಗಡ್ಡೆಯ ಹಾಗೆ ಬಂತು. ಒರೆಸಿದರು, ಬರೆದರು, ಒರೆಸಿದರು. ಮೂರನೇ ಸಲ ಬರೆಯದೆ ಕೆಳಗಿಳಿದು, ಬಟ್ಟೆಗೆ ಕೈ ಒರೆಸಿಕೊಂಡು, ಟೀ ಕುಡಿಯೋಣ ಬಾ ಎಂದರು. ಆ ದಿನವೇ ಅವರು ಬಿಟ್ಟಿದ್ದರೇನೋ. ನಾನು ಟೀ ಕುಡಿಯುತ್ತಾ ನಾಳೆ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳುತ್ತಿದ್ದೆ.

ನನಗೆ ಭಯವಾಗಿತ್ತು, ಅಷ್ಟೇ ವಿಷಯ. ಬರೆಯದಿದ್ದರೆ ಅವರು ಯಾರು, ಅವರ ಪಕ್ಕದಲ್ಲಿ ನಾನು ಯಾರು ಎನ್ನುವ ಭಯ. ಆ ಭಯಕ್ಕೆ ನಾನು ಎಣ್ಣೆ ಸವರಿ ಸವರಿ ಎರಡು ವರ್ಷ ಇಟ್ಟಿದ್ದೆ.

ಬೀದಿಯಲ್ಲಿ ಚಕ್ರದ ಸದ್ದು ಕೇಳಿ ಎದ್ದೆ. ಗುಜರಿಯವನ ತಳ್ಳುಗಾಡಿ ಬರುತ್ತಿತ್ತು. ಅದರ ಮೇಲೆ ನನ್ನ ಟೇಬಲ್ ಅಂಗಾತ ಮಲಗಿತ್ತು, ಕಾಲು ಮೇಲೆ. ಗುಜರಿಯವನು ತಳ್ಳುತ್ತಿದ್ದ, ಗಂಡ ಮುಂದಿನಿಂದ ಎಳೆಯುತ್ತಿದ್ದರು, ಕಾಲಲ್ಲಿ ಆ ಬೇರೆಬೇರೆ ಚಪ್ಪಲಿ.

“ಇದರ ಮೇಲೆ ಆಗ್ಲೇ ಒಂದು ಡಜನ್ ಫ್ಯಾನ್ ಪೇರಿಸಿಟ್ಟಿದ್ದೆ ಕಣಮ್ಮ,” ಎಂದ ಗುಜರಿಯವನು ಏದುಸಿರು ಬಿಡುತ್ತಾ. “ಎಲ್ಲಾ ಇಳಿಸಿ ಬಂದೆ. ನಿಮ್ಮ ಯಜಮಾನ್ರು ಬಾಗಿಲಲ್ಲಿ ನಿಂತ್ಕೊಂಡ್ರೆ ಹೋಗೋ ಪೈಕಿ ಅಲ್ಲ.”

ಲೋಡರ್‌ಗಳು ಟೇಬಲ್ ಎತ್ತಿ ಮಂಚದ ಪಕ್ಕ ನೂಕಿದರು. ಬಟ್ಟೆ ಮೂಟೆಗಳನ್ನು ಅದರ ಕಾಲುಗಳ ನಡುವೆ ತುರುಕಿದರು. ಲಾರಿ ತುಂಬಿತು.

“ಅಮ್ಮ, ಇನ್ನು ಆ ಪೆಟ್ಟಿಗೆ, ಟ್ರಂಕು ಹಿಡಿಸಲ್ಲ,” ಎಂದ ಲೋಡರ್. “ಬೇಕು ಅಂದ್ರೆ ನಾಳೆ ಇನ್ನೊಂದು ಟ್ರಿಪ್ ಬರ್ತೀವಿ. ಏನ್ ಮಾಡೋಣ ಹೇಳಿ.”

ಎಲ್ಲರೂ ನನ್ನನ್ನೇ ನೋಡಿದರು. ಗಂಡ ನೋಡಲಿಲ್ಲ, ಗಾಡಿಯ ಹಗ್ಗ ಸುತ್ತುತ್ತಿದ್ದರು. ಆ ಕೈಗೆ ಗಂಟು ಸಿಗುತ್ತಿರಲಿಲ್ಲ. ಇನ್ನೊಂದು ಟ್ರಿಪ್ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಒಂದು ಮಾತು ಹೇಳಿದ್ದರೆ ಅವರು ಎದುರಾಡುತ್ತಿರಲಿಲ್ಲ, ನಾಳೆ ಆ ಟ್ರಂಕು ಬಾಲ್ಕನಿಗೆ ಬಂದು ಕೂತಿರುತ್ತಿತ್ತು, ಅವರು ಅದರ ಎದುರು ಕೂತಿರುತ್ತಿದ್ದರು. ಲೋಡರ್ ಎರಡನೇ ಸಲ ಕೇಳಿದ.

“ಬೇಡ,” ಎಂದೆ.

“ಖಾಲಿ ಗಾಡಿ ತಳ್ಕೊಂಡು ಹೋಗೋ ಬದಲು ನಾನೇ ಹಾಕ್ಕೋತೀನಿ,” ಎಂದ ಗುಜರಿಯವನು. ಏಳೂ ಪೆಟ್ಟಿಗೆ ಏರಿಸಿದ ಮೇಲೆ ಟ್ರಂಕನ್ನು ಒಂದು ಕಡೆ ಅವನು, ಒಂದು ಕಡೆ ನಾನು ಹಿಡಿದೆವು. ಅದು ನಾನು ಅಂದುಕೊಂಡಷ್ಟು ಭಾರವಿರಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ನೋಡಿದೆ, ಗಂಡ ನೋಡಲಿಲ್ಲ. ಅವರು ಆಗಲೇ ತಂಗಿಗೆ ಚಪ್ಪಲಿ ವಾಪಸು ಕೊಟ್ಟು, ಅವಳಿಂದ ಬೈಸಿಕೊಂಡು, ಲಾರಿ ಹತ್ತಿದ್ದರು.

ನಾದಿನಿ ಹೊಸ ಮನೆಯ ಬೀಗದ ಕೈ ತೆಗೆದುಕೊಂಡು ಸ್ಕೂಟರಿನಲ್ಲಿ ಮುಂದೆ ಹೋದಳು. ಡ್ರೈವರ್ ಪಕ್ಕ ಗಂಡ, ಬಾಗಿಲ ಪಕ್ಕ ನಾನು. ದೊಡ್ಡ ರಸ್ತೆಗೆ ಬಂದ ಮೇಲೆ ಡ್ರೈವರ್‌ನ ಕಣ್ಣು ಗಂಡನ ತೊಡೆಯ ಕಡೆ ಹೋಯಿತು.

“ಚಳಿನಾ ಯಜಮಾನ್ರೆ? ಗಾಜು ಏರಿಸಲಾ?”

“ಚಳಿಯಲ್ಲಪ್ಪ, ಕೈ ನಡುಗತ್ತೆ,” ಎಂದರು ಗಂಡ. “ಮುಂಚೆ ಬೋರ್ಡ್ ಬರೀತಿದ್ದೆ.”

“ಹೌದಾ? ಈಗ?”

“ಈಗಾ? ಈಗ ಮನೆ ಬದಲಾಯಿಸ್ತಿದೀನಿ.”

ಡ್ರೈವರ್ ಜೋರಾಗಿ ನಕ್ಕ. ಗಂಡನೂ ನಕ್ಕರು. ಬರೀತಿದ್ದೆ ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಬಂತು ಆ ಮಾತು.

ಅವರು ಕೈಯನ್ನು ಜೇಬಿಗೆ ಹಾಕಿರಲಿಲ್ಲ. ತೊಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದರು, ಅದು ತನ್ನ ಪಾಡಿಗೆ ನಡುಗುತ್ತಿತ್ತು. ಎರಡು ವರ್ಷದಿಂದ ನಾಲ್ಕು ಜನರೆದುರು ಅದು ನಡುಗಿದಾಗೆಲ್ಲ ನಾನು ನನ್ನ ಕೈಯನ್ನು ಅದರ ಮೇಲೆ ಇಡುತ್ತಿದ್ದೆ. ಈ ವಯಸ್ಸಲ್ಲೂ ಎಷ್ಟು ಪ್ರೀತಿ ಎಂದು ನೋಡಿದವರು ಅಂದುಕೊಳ್ಳುತ್ತಿದ್ದರು. ಅದು ಮುಚ್ಚಿಡಲು ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಈಗಲೂ ಅಭ್ಯಾಸಬಲದಿಂದ ನನ್ನ ಕೈ ಅತ್ತ ಹೊರಟಿತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ. ನಡುಗಲಿ ಎಂದು ಬಿಟ್ಟೆ.